ತಕ್ಕಡಿಯಿಲ್ಲದ ಅಂಗಡಿ

ಕಡೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ತೂಗುವ ತಕ್ಕಡಿಗೆ ಸರಕಾರದ ಮುದ್ರೆಯಿರಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದ ವರ್ತಕನು ದಂಡಕ್ಕೆ ಗುರಿಯಾಗುವನು. ಕಿರಾಣಿ ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲೆಯೂ ಒಳಗಿನ ಪದಾರ್ಥದ ನಿವ್ವಳ ತೂಕವನ್ನು ಮತ್ತು ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚುಹಾಕಿರಬೇಕೆಂದು 2009ರ ಕಾನೂನು ಮಾಪನ ಶಾಸನವೂ, ಅದರ ಮೇರೆಗೆ 2011ರಲ್ಲಿ ಜಾರಿಗೆ ಬಂದ ನಿಯಮಗಳೂ ವಿಧಿಸುತ್ತವೆ. 2025ರ ಹಂಗಾಮಿನ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿಗಳ ಬೆಂಬಲ ಬೆಲೆಯನ್ನು ಕೇಂದ್ರ ಸರಕಾರದವರು ಮುಂಚಿತವಾಗಿಯೇ ಪ್ರಕಟಿಸಿದ್ದರು. ಅದು ಸಾಲದೆಂದು ರೈತರು ವಾದಿಸಬಹುದು. ವಾದಿಸುವುದಕ್ಕೆ ಒಂದು ಅಂಕೆಯಾದರೂ ಕಣ್ಣೆದುರಿಗಿದೆ. ಆದರೆ ಅದೇ ಕೊಬ್ಬರಿ ಬೆಳೆಗಾರನ ಮಗನು ಅದೇ ಸಂಜೆ ಜಗಲಿಯ ಮೇಲೆ ಕುಳಿತು, ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ತನ್ನ ವೀರನಿಗೆ ಒಂದು ಕತ್ತಿಯನ್ನೋ ಕವಚವನ್ನೋ ಕೊಳ್ಳಲು ಹೊರಟರೆ, ಅಲ್ಲಿ ತಕ್ಕಡಿಯೂ ಇಲ್ಲ, ಮುದ್ರೆಯೂ ಇಲ್ಲ, ಬೆಲೆಯನ್ನು ರೂಪಾಯಿಯಲ್ಲಿ ಹೇಳುವ ಚೀಟಿಯೂ ಇಲ್ಲ. ಈ ಹೊಸ ಅಂಗಡಿಯ ವಿಚಾರವಾಗಿ ಎರಡು ಮಾತುಗಳನ್ನಾಡುವ ಕಾಲವು ಬಂದಿದೆಯೆಂದು ನಾವು ಭಾವಿಸುತ್ತೇವೆ.

ಇದು ಹುಡುಗಾಟದ ವಿಷಯ, ಸಂಪಾದಕೀಯ ಪುಟಕ್ಕೆ ತಕ್ಕುದಲ್ಲವೆಂದು ಕೆಲವು ಹಿರಿಯರು ಮೂಗು ಮುರಿಯಬಹುದು. ಅವರು ಮೊದಲು ಈ ಆಟಗಳ ಕ್ರಮವನ್ನು ತಿಳಿಯಬೇಕು. ಅಂತರಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಆಡುವ ಈ ಆಟಗಳಲ್ಲಿ ಪ್ರತಿಯೊಬ್ಬನೂ ಒಬ್ಬ ವೀರನ ವೇಷವನ್ನು ಧರಿಸುವನು. ಅತಿಮಾನುಷ ವೀರರ ಆಟಗಳ ಪೈಕಿ ಹೆಸರುವಾಸಿಯಾದದ್ದು 2004ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ‘ಸಿಟಿ ಆಫ್ ಹೀರೋಸ್’ ಎಂಬುದು. ಅದರಲ್ಲಿ ವೀರನಿಗೆ ಹಾರುವ, ಬೆಂಕಿಯುಗುಳುವ, ಗಾಯ ಮಾಯಿಸುವ ಶಕ್ತಿಗಳಿದ್ದವು. ಒಂದೊಂದು ಶಕ್ತಿಯಲ್ಲಿಯೂ ಕೆಲವು ಗೂಡುಗಳು. ಆ ಗೂಡುಗಳಲ್ಲಿ ‘ಎನ್‌ಹಾನ್ಸ್‌ಮೆಂಟ್’ ಎಂಬ ವರ್ಧಕಗಳನ್ನು ಕೂರಿಸಿದರೆ ಶಕ್ತಿಯ ತೀಕ್ಷ್ಣತೆಯು ಹೆಚ್ಚುವುದು. ವರ್ಧಕಗಳನ್ನು ಕೊಳ್ಳಲು ಬೇಕಾದ ನಾಣ್ಯದ ಹೆಸರು ‘ಇನ್‌ಫ್ಲುಯೆನ್ಸ್’, ಅಂದರೆ ಪ್ರಭಾವ. ದುಷ್ಟರನ್ನು ಸದೆಬಡಿದು ಪಟ್ಟಣಿಗರ ವಿಶ್ವಾಸವನ್ನು ಗಳಿಸಿದಂತೆಲ್ಲ ಈ ಪ್ರಭಾವವು ಬೆಳೆಯುವುದು. ಖಳರ ಪಕ್ಷವನ್ನು ಹಿಡಿದವರ ನಾಣ್ಯಕ್ಕೆ ಕುಖ್ಯಾತಿ ಎಂದು ಹೆಸರಿಟ್ಟಿದ್ದರು. ಕಲ್ಪಿಸಿದವನ ಚಾತುರ್ಯವನ್ನು ಮೆಚ್ಚಲೇಬೇಕು. ಒಳ್ಳೆಯ ಹೆಸರನ್ನು ಖರ್ಚು ಮಾಡಬಹುದೆಂಬ ಈ ತತ್ತ್ವವು ನಮ್ಮ ಪುರಸಭೆಗಳ ಸದಸ್ಯರಿಗೆ ಬಹುಕಾಲದಿಂದ ಪರಿಚಿತವಾದದ್ದೇ.

ನಮ್ಮ ಸೀಮೆಗೆ ವೀರರೂ ಅವರ ಆಯುಧಗಳೂ ಹೊಸಬರಲ್ಲ. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ಇದೇ ಕಡೂರು ತಾಲ್ಲೂಕಿನಲ್ಲಿದೆ. ಸುಧನ್ವ, ಬಭ್ರುವಾಹನರ ಯುದ್ಧಗಳನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ಜನರ ಮೊಮ್ಮಕ್ಕಳು ಇಂದು ವೀರರ ಆಟಕ್ಕೆ ಮನಸೋತರೆ ಅದರಲ್ಲಿ ಅಪರಾಧವೇನೂ ನಮಗೆ ತೋರುವುದಿಲ್ಲ. ಅರ್ಜುನನು ಪಾಶುಪತವನ್ನು ಪಡೆದದ್ದು ತಪಸ್ಸಿನಿಂದ. ಕರ್ಣನು ಕವಚ ಕುಂಡಲಗಳನ್ನು ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧವು ಒಮ್ಮೆ ಮಾತ್ರ ಪ್ರಯೋಗಿಸತಕ್ಕದ್ದು. ಆ ನಿಬಂಧನೆಯನ್ನು ಕೊಡುವಾಗಲೇ ಇಂದ್ರನು ತಿಳಿಸಿದ್ದನು. ಬ್ರಾಹ್ಮಣ ವೇಷದಿಂದ ಯಾಚಿಸಲು ಬಂದ ಇಂದ್ರನು ಕೂಡ ಕರಾರನ್ನು ಮರೆಮಾಚಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅಮೆರಿಕದ ಆ ಆಟದಲ್ಲಿಯೂ ಮೊದಲ ಕೆಲವು ವರ್ಷಗಳ ಕಾಲ ತಪಸ್ಸಿನ ಕ್ರಮವೇ ಇತ್ತು. ತಿಂಗಳಿಗೆ ಇಷ್ಟೆಂದು ಚಂದಾ ಕೊಟ್ಟು ಒಳಗೆ ಬಂದವನು ಆಡಿ ಗಳಿಸಬೇಕು. 2011ರಲ್ಲಿ ವ್ಯವಸ್ಥೆಯು ಬದಲಾಯಿತು. ಪ್ರವೇಶವು ಉಚಿತವೆಂದು ಸಾರಿದರು. ಒಳಗೆ ‘ಪ್ಯಾರಗಾನ್ ಪಾಯಿಂಟ್’ ಎಂಬ ಮತ್ತೊಂದು ನಾಣ್ಯವನ್ನು ಹುಟ್ಟಿಸಿ, ಅದನ್ನು ನಿಜವಾದ ಹಣಕ್ಕೆ ಮಾರತೊಡಗಿದರು. ಮರುವರ್ಷದ ಆಗಸ್ಟಿನಲ್ಲಿ, ಆಟದ ಒಡೆತನವನ್ನು ಹೊಂದಿದ್ದ ದಕ್ಷಿಣ ಕೊರಿಯಾದ ಎನ್‌ಸಿಸಾಫ್ಟ್ ಕಂಪೆನಿಯವರು ಅಂಗಡಿಯನ್ನು ಮುಚ್ಚುವುದಾಗಿ ಪ್ರಕಟಿಸಿದರು. 2012ರ ನವೆಂಬರ್ 30ರಂದು ದೀಪವಾರಿತು. ಎಂಟು ವರ್ಷಗಳ ಕಾಲ ಜನರು ಕೂಡಿಟ್ಟ ವರ್ಧಕಗಳು, ಬಿರುದುಗಳು, ಉಡುಪುಗಳು ಒಂದೇ ರಾತ್ರಿಯಲ್ಲಿ ಇಲ್ಲವಾದವು.

ಇಲ್ಲಿ ನಮ್ಮ ನಾಡಿನ ಒಂದು ನಾಣ್ಯವು ಜ್ಞಾಪಕಕ್ಕೆ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಕಂಠೀರವ ಹಣವೆಂಬ ಪುಟ್ಟ ಚಿನ್ನದ ನಾಣ್ಯವನ್ನು ಅಚ್ಚುಹಾಕಿಸಿದರು. ಅವರ ಕಾಲವು ಮುಗಿದ ಮೇಲೆಯೂ, ಎಷ್ಟೋ ರಾಜಕೀಯ ವಿಪ್ಲವಗಳ ನಡುವೆಯೂ, ಕಂಠೀರವ ಹಣದ ಲೆಕ್ಕವು ಮೈಸೂರು ಸೀಮೆಯಲ್ಲಿ ನಿಲ್ಲಲಿಲ್ಲ. ಅಚ್ಚುಹಾಕಿಸಿದ ರಾಜನು ತೀರಿಕೊಂಡರೂ ಚಿನ್ನವು ಪ್ರಜೆಯ ಬೊಕ್ಕಣದಲ್ಲಿಯೇ ಇತ್ತು. ಆಟದ ನಾಣ್ಯಕ್ಕೆ ಇಂಥ ಒಡಲಿಲ್ಲ. ಅದು ಕಂಪೆನಿಯ ಯಂತ್ರದಲ್ಲಿರುವ ಒಂದು ಅಂಕೆ. ಸಾಮಾನ್ಯವಾಗಿ ಯಾರೂ ಓದದ ಕರಾರುಪತ್ರಗಳಲ್ಲಿ, ಇದು ನಿಮಗೆ ಮಾರಿದ ವಸ್ತುವಲ್ಲ, ಉಪಯೋಗಿಸಲು ಕೊಟ್ಟ ಅನುಮತಿ ಮಾತ್ರ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬರ್ಥದ ಷರತ್ತಿರುತ್ತದೆ. ಅಂಗಡಿಯ ಫಲಕದ ಮೇಲೆ ‘ಕೊಳ್ಳಿರಿ’ ಎಂದು ದಪ್ಪಕ್ಷರ. ಕರಾರಿನಲ್ಲಿ ‘ಕೊಂಡಿಲ್ಲ’ ಎಂದು ಸಣ್ಣಕ್ಷರ.

ನಮ್ಮ ತರುಣರಿಗೂ ಇದರ ಅನುಭವವಾಗಿದೆ. ‘ಪಬ್‌ಜಿ’ ಎಂಬ ಯುದ್ಧದ ಆಟವನ್ನು ಭಾರತ ಸರಕಾರದವರು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದರು. ಅಕ್ಟೋಬರ್ 30ರಂದು ಅದು ಈ ದೇಶದಲ್ಲಿ ಸಂಪೂರ್ಣವಾಗಿ ನಿಂತಿತು. ಅದರ ನಾಣ್ಯಕ್ಕೆ ‘ಅನ್‌ನೋನ್ ಕ್ಯಾಷ್’ ಎಂದು ಹೆಸರು. ಅಜ್ಞಾತ ಹಣ! ಇದಕ್ಕಿಂತ ಪ್ರಾಮಾಣಿಕವಾದ ನಾಮಕರಣವನ್ನು ನಾವು ಕಂಡಿಲ್ಲ. 2021ರ ಜುಲೈ 2ರಂದು ಅದೇ ಆಟವು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರಿನಿಂದ ಮರಳಿ ಬಂದಾಗ, ಹಳೆಯ ಸಾಮಗ್ರಿಯನ್ನು ಹೊಸ ಲೆಕ್ಕಕ್ಕೆ ವರ್ಗಾಯಿಸಿಕೊಳ್ಳಲು ಕಂಪೆನಿಯವರು ಅವಕಾಶವಿತ್ತರು. ಸಂತೋಷ. ಆದರೆ ಅದು ಕಂಪೆನಿಯ ಕೃಪೆಯೇ ಹೊರತು ಕೊಂಡವನ ಹಕ್ಕಾಗಿರಲಿಲ್ಲ. ಎಂಟು ತಿಂಗಳುಗಳ ಕಾಲ ಕಡೂರಿನಿಂದ ತರೀಕೆರೆಯವರೆಗೆ ಯಾವ ಕಚೇರಿಯ ಬಾಗಿಲನ್ನು ತಟ್ಟಿದ್ದರೂ, ಈ ಹಣಕ್ಕೆ ಯಾರು ಹೊಣೆಯೆಂದು ಹೇಳುವವರು ದೊರೆಯುತ್ತಿರಲಿಲ್ಲ.

ರೂಪಾಯಿಯು ಕೈಯಲ್ಲಿರುವಾಗ ಬೇರೊಂದು ನಾಣ್ಯವೇಕೆ? ಇದೇ ಮುಖ್ಯವಾದ ಪ್ರಶ್ನೆ. ಜಾತ್ರೆಯಲ್ಲಿ ತೊಟ್ಟಿಲಾಟದವನು ಚೀಟಿ ಹರಿಯುವುದು ತನ್ನ ಲೆಕ್ಕದ ಅನುಕೂಲಕ್ಕಾಗಿ. ಚೀಟಿಯ ಮೇಲೆ ಬೆಲೆಯಿರುತ್ತದೆ. ಆಟದ ನಾಣ್ಯವು ಹುಟ್ಟಿರುವುದು ಬೆಲೆಯನ್ನು ಮರೆಸುವುದಕ್ಕೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನೂರು ನಾಣ್ಯಗಳ ಕಟ್ಟಿಗೆ 80 ರೂಪಾಯಿ. ಕಟ್ಟನ್ನು ಒಡೆದು ಮಾರುವುದಿಲ್ಲ. ಕವಚದ ಬೆಲೆ 130 ನಾಣ್ಯ. ಹುಡುಗನು ಎರಡು ಕಟ್ಟುಗಳನ್ನು ಕೊಂಡು 160 ರೂಪಾಯಿ ತೆರುವನು. 70 ನಾಣ್ಯಗಳು ಉಳಿಯುವುವು. ಅವನ್ನು ರೂಪಾಯಿಗೆ ಮರಳಿ ಮಾರಲು ಬಾರದು. ವ್ಯರ್ಥವಾಗಬಾರದೆಂದು ಅವನು ಮತ್ತೊಂದು ಕಟ್ಟನ್ನು ಕೊಳ್ಳುವನು. ಇದು ಸಾಲದೆಂದು ಕೆಲವು ಆಟಗಳಲ್ಲಿ ಈ ನಾಣ್ಯದಿಂದ ಎರಡನೆಯ ನಾಣ್ಯವನ್ನೂ, ಎರಡನೆಯದರಿಂದ ಮೂರನೆಯದನ್ನೂ ಕೊಳ್ಳಬೇಕು. ಇಷ್ಟರಲ್ಲಿ ತಾನು ತೆತ್ತ ಹಣವೆಷ್ಟೆಂಬುದು ಹುಡುಗನಿಗಿರಲಿ, ಶಾನುಭೋಗಿಕೆ ಮಾಡಿದ ಮನೆತನದ ಮುದುಕರಿಗೂ ಹೊಳೆಯಲಾರದು. ಹಣವು ಒಳಗೆ ಹೋಗುವ ದಾರಿ ಹೆದ್ದಾರಿ. ಹೊರಗೆ ಬರುವ ದಾರಿಯನ್ನು ಕಟ್ಟಿಯೇ ಇಲ್ಲ.

ಬೆಲೆಯ ಮಾತು ಹೀಗಾದರೆ, ವಸ್ತುವಿನ ಮಾತು ಇನ್ನೂ ಕೆಟ್ಟದ್ದು. ಅಜ್ಜಂಪುರದ ಅಮೃತಮಹಲ್ ತಳಿಯನ್ನು ಅರಿಯದ ರೈತನು ಈ ಸೀಮೆಯಲ್ಲಿಲ್ಲ. ಹೋರಿಗರುವನ್ನು ಕೊಳ್ಳುವವನು ಹಲ್ಲು ನೋಡುವನು, ಸುಳಿ ನೋಡುವನು, ನಡೆಸಿ ನೋಡುವನು. ಗೋಣಿಚೀಲದಲ್ಲಿ ಮುಚ್ಚಿ, ಒಳಗೆ ಕರುವಿರಬಹುದು, ಕುರಿಮರಿಯಿರಬಹುದು, ಹಣವನ್ನು ಮೊದಲು ಕೊಡು ಎಂದರೆ ಅವನು ದೊಣ್ಣೆ ತೆಗೆದುಕೊಂಡಾನು. ಆದರೆ ಆಟದ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಮಾರುವುದೇ ಹೀಗೆ. ಪೆಟ್ಟಿಗೆಯನ್ನು ತೆರೆದ ಮೇಲೆಯೇ ಒಳಗಿನದು ತಿಳಿಯತಕ್ಕದ್ದು. ಆಯುಧವನ್ನು ಹದಗೊಳಿಸುವ ವಿಷಯದಲ್ಲಿಯೂ ಹಾಗೆಯೇ: ವರ್ಧಕವನ್ನು ಹಣ ಕೊಟ್ಟು ಕೊಂಡರೂ ಅದು ಫಲಿಸುವುದು ಅದೃಷ್ಟವಿದ್ದರೆ, ಇಲ್ಲವಾದರೆ ವರ್ಧಕವೂ ಹೋಯಿತು, ಹಣವೂ ಹೋಯಿತು. ನೂರಕ್ಕೆ ಒಂದು ಸಲ ಫಲಿಸುವುದೆಂದು ಕೇಳಿದವನು ನೂರು ಸಲ ಪ್ರಯತ್ನಿಸಿದರೆ ಸಿದ್ಧಿಯು ಖಂಡಿತವೆಂದು ನಂಬುವನು. ಗಣಿತವು ಬೇರೆ ಹೇಳುತ್ತದೆ. ಹಾಗೆ ನೂರು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಏಳುವರು. ನಮ್ಮ ಪ್ರೌಢಶಾಲೆಗಳ ಉಪಾಧ್ಯಾಯರು ಸಂಭವನೀಯತೆಯ ಪಾಠಕ್ಕೆ ದಾಳಗಳನ್ನು ಬಿಟ್ಟು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಹುಡುಗರು ಕಿವಿಗೊಟ್ಟು ಕೇಳಿಯಾರು.

ಹೇಳಿದ ಸಂಭವವಾದರೂ ನಿಜವಾಗಿರುತ್ತದೆಯೆ? ಕೊರಿಯಾದಲ್ಲಿ ನಡೆದುದನ್ನು ಕೇಳಿರಿ. ‘ಮೇಪಲ್‌ಸ್ಟೋರಿ’ ಎಂಬ ಆಟದಲ್ಲಿ ನೆಕ್ಸಾನ್ ಕಂಪೆನಿಯವರು 2010ರಿಂದ ‘ಕ್ಯೂಬ್’ ಎಂಬ ವಸ್ತುವನ್ನು ಮಾರುತ್ತಿದ್ದರು. ವೀರನ ಆಯುಧದಲ್ಲಡಗಿದ ಗುಣಗಳನ್ನು ಅದು ಮತ್ತೊಮ್ಮೆ ಕಲಕಿ ಹೊಸದಾಗಿ ಹಂಚುವುದು. ಜನರು ಹೆಚ್ಚಾಗಿ ಬಯಸುವ ಗುಣಗಳು ದೊರೆಯುವ ಸಂಭವವನ್ನು ಕಂಪೆನಿಯು ಆಡುವವರಿಗೆ ತಿಳಿಸದೆಯೇ ತಗ್ಗಿಸಿತ್ತೆಂದೂ, ಕೆಲವು ಜೋಡಣೆಗಳು ದೊರೆಯುವುದೇ ಅಸಾಧ್ಯವಾಗುವಂತೆ ಮಾಡಿತ್ತೆಂದೂ ಆ ದೇಶದ ನ್ಯಾಯ ವ್ಯಾಪಾರ ಆಯೋಗವು ಕಂಡುಹಿಡಿದು, 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡವನ್ನು ವಿಧಿಸಿತು. ನಮ್ಮ ಹಣದಲ್ಲಿ ಅದು 70 ಕೋಟಿ ರೂಪಾಯಿಗೂ ಮಿಕ್ಕದ್ದು. ಅದೇ ವರ್ಷದ ಮಾರ್ಚ್ 22ರಿಂದ ಸಂಭವದ ಪ್ರಮಾಣವನ್ನು ಬಹಿರಂಗಪಡಿಸುವುದು ಕೊರಿಯಾದಲ್ಲಿ ಕಡ್ಡಾಯವಾಯಿತು. ಬೆಲ್ಜಿಯಂ ದೇಶದ ಜೂಜು ಆಯೋಗವು 2018ರಲ್ಲಿಯೇ ಇಂಥ ಪೆಟ್ಟಿಗೆಗಳು ಜೂಜೆಂದು ನಿರ್ಣಯಿಸಿತ್ತು. ಅಮೆರಿಕದ ವ್ಯಾಪಾರ ಆಯೋಗದವರು 2025ರ ಜನವರಿಯಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ ಆಟದ ವ್ಯವಸ್ಥಾಪಕರೊಡನೆ ಮಾಡಿಕೊಂಡ ಒಪ್ಪಂದದಂತೆ, ಆ ಕಂಪೆನಿಯು ಎರಡು ಕೋಟಿ ಡಾಲರುಗಳನ್ನು ತೆರಲು ಒಪ್ಪಿತಲ್ಲದೆ, ಹದಿನಾರು ವರ್ಷ ತುಂಬದವರಿಗೆ ತಂದೆತಾಯಿಗಳ ಸಮ್ಮತಿಯಿಲ್ಲದೆ ಪೆಟ್ಟಿಗೆಗಳನ್ನು ಮಾರಕೂಡದೆಂದೂ, ನಾಣ್ಯಕ್ಕೆ ನಾಣ್ಯದ ವಿನಿಮಯ ದರವನ್ನು ತಿಳಿಸಬೇಕೆಂದೂ ಕಟ್ಟುಬಿದ್ದಿತು. ಮಾರುವವರ ದೇಶವೂ ಎಚ್ಚೆತ್ತಿದೆ, ಕೊಳ್ಳುವವರ ದೇಶಗಳೂ ಎಚ್ಚೆತ್ತಿವೆ.

ನಮ್ಮಲ್ಲಿ ಶಾಸನಗಳಿಗೆ ಕೊರತೆಯಿಲ್ಲ. 2021ರಲ್ಲಿ ಕರ್ನಾಟಕ ಸರಕಾರದವರು ಪೊಲೀಸು ಕಾಯಿದೆಯನ್ನು ತಿದ್ದಿ, ಪಣವೊಡ್ಡುವ ಅಂತರಜಾಲದ ಆಟಗಳನ್ನು ಒಟ್ಟಾಗಿ ನಿಷೇಧಿಸಿದರು. ಕೌಶಲ್ಯದ ಆಟಕ್ಕೂ ಜೂಜಿಗೂ ಭೇದವೆಣಿಸದ ಆ ತಿದ್ದುಪಡಿಯ ಭಾಗಗಳನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ರದ್ದುಗೊಳಿಸಿತು. ಬಳಿಕ 2025ರ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಎರಡೇ ದಿನಗಳಲ್ಲಿ ಎರಡು ಸದನಗಳನ್ನೂ ದಾಟಿಸಿ ಅಂತರಜಾಲದ ಆಟಗಳ ಶಾಸನವನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಒಪ್ಪಿಗೆಯು ದೊರೆಯಿತು. ಹಣದ ಆಟವನ್ನು ನಡೆಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ. ಆ ಶಾಸನದ ದೃಷ್ಟಿಯು ನೆಟ್ಟಿರುವುದು ಲಾಭದ ನಿರೀಕ್ಷೆಯಿಂದ ಪಣವೊಡ್ಡುವ ಆಟಗಳ ಮೇಲೆ. ರಮ್ಮಿಯಲ್ಲಿ ಮನೆಮಠ ಕಳೆದುಕೊಂಡವರ ಕಥೆಗಳನ್ನು ಕೇಳಿದ ಯಾರೂ ಅದರ ಉದ್ದೇಶವನ್ನು ಹಳಿಯಲಾರರು. ಆದರೆ ಇಲ್ಲಿ ಒಂದು ವಿಪರ್ಯಾಸವಿದೆ. ಹಣ ಹಾಕಿ ಹಣ ಗೆಲ್ಲುವ ಆಶೆಯನ್ನು ತೋರಿಸುವವನು ಅಪರಾಧಿ. ಹಣ ಹಾಕಿಸಿ ಏನೊಂದನ್ನೂ ಹಿಂದಕ್ಕೆ ಕೊಡದವನು ವಿನೋದದ ವ್ಯಾಪಾರಿ. ನಾಣ್ಯದ ವಿನಿಮಯ ದರ, ಪೆಟ್ಟಿಗೆಯ ಸಂಭವ, ಅಂಗಡಿ ಮುಚ್ಚಿದಾಗ ಉಳಿದ ನಾಣ್ಯದ ಗತಿ, ಇವುಗಳ ಪ್ರಸ್ತಾಪವೇ ಆ ಶಾಸನದ ಕಲಮುಗಳಲ್ಲಿ ಬರಲಿಲ್ಲ.

ಬಾಲಕರ ವಿಷಯದಲ್ಲಿ ಹೊಸ ಶಾಸನವೂ ಬೇಕಾಗಿಲ್ಲ. 1872ರ ಕರಾರು ಕಾಯಿದೆಯಂತೆ ಅಪ್ರಾಪ್ತವಯಸ್ಕನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಅವನ ಕರಾರು ಮೂಲತಃ ಅಸಿಂಧುವೆಂದು 1903ರಲ್ಲಿ ಮೊಹೊರಿ ಬೀಬಿಯ ಮೊಕದ್ದಮೆಯಲ್ಲಿ ಪ್ರೀವಿ ಕೌನ್ಸಿಲು ತೀರ್ಪಿತ್ತಿತು. ನೂರಿಪ್ಪತ್ತು ವರ್ಷಗಳಿಂದ ವಕೀಲರೆಲ್ಲರೂ ಬಾಯಿಪಾಠ ಮಾಡಿದ ತೀರ್ಪು ಅದು. ಹದಿಮೂರು ವರ್ಷದ ಹುಡುಗನಿಗೆ ಹೊಲವನ್ನು ಮಾರಿದ ಕ್ರಯಪತ್ರವನ್ನು ತಂದರೆ ಕಡೂರಿನ ಸಬ್ ರಿಜಿಸ್ಟ್ರಾರರು ಹತ್ತು ಪ್ರಶ್ನೆಗಳನ್ನು ಕೇಳುವರು. ಅದೇ ಹುಡುಗನು ತಂದೆಯ ಫೋನಿನಿಂದ ಬೆರಳ ತುದಿಯಲ್ಲಿ ನಾಣ್ಯಗಳನ್ನು ಕೊಳ್ಳುವಾಗ ಕೇಳುವವರಾರು?

ದಾದಾಭಾಯಿ ನವರೋಜಿಯವರು ದೇಶದ ಸಂಪತ್ತು ಹೊರಕ್ಕೆ ಹರಿದುಹೋಗುವ ಬಗೆಯನ್ನು ಅಂಕೆ ಅಂಶಗಳಿಂದ ತೋರಿಸಿಕೊಟ್ಟು ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಈ ಹೊಸ ಹರಿವಿನ ಮೊತ್ತವೆಷ್ಟಾದರೂ ಇರಲಿ, ಅದರ ದಿಕ್ಕಿನ ವಿಷಯದಲ್ಲಿ ಸಂಶಯವಿಲ್ಲ. ನಮ್ಮ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವ ಆಟಗಳ ಪೈಕಿ ಒಂದರ ಒಡೆಯರು ಕೊರಿಯಾದ ಕ್ರಾಫ್ಟನ್ ಕಂಪೆನಿಯವರು, ಮತ್ತೊಂದರ ಒಡೆಯರು ಸಿಂಗಪುರದ ಗರೇನಾದವರು. ಪರದೇಶದವರೆಂಬ ಒಂದೇ ಕಾರಣದಿಂದ ನಾವು ಅವರನ್ನು ದೂರುವುದಿಲ್ಲ. ಬೆಂಗಳೂರಿನ ಕಂಪೆನಿಯೊಂದು ಇದೇ ಬಗೆಯ ಅಜ್ಞಾತ ಹಣವನ್ನು ಮಾರಿದರೆ ಅದನ್ನೂ ಇದೇ ಮಾತುಗಳಿಂದ ಖಂಡಿಸುತ್ತೇವೆ. ತಕ್ಕಡಿಯ ಮೋಸವು ಸ್ವದೇಶಿಯಾದ ಮಾತ್ರಕ್ಕೆ ಪವಿತ್ರವಾಗುವುದಿಲ್ಲ.

ಸಿನಿಮಾ ಟಿಕೀಟಿನ ಹಣವನ್ನು ಯಾರಾದರೂ ಹಿಂದಕ್ಕೆ ಕೇಳುವರೆ, ವಿನೋದಕ್ಕೆ ತೆತ್ತ ಹಣವು ವಿನೋದದಲ್ಲಿಯೇ ತೀರಿತು, ಎಂದು ಕಂಪೆನಿಗಳ ಪಕ್ಷದವರು ವಾದಿಸುವರು. ವಾದದಲ್ಲಿ ಹುರುಳಿದೆ, ನಾವು ಅಲ್ಲಗಳೆಯುವುದಿಲ್ಲ. ಪ್ರಾಪ್ತವಯಸ್ಕನು ತನ್ನ ದುಡಿಮೆಯ ಹಣದಿಂದ ತನ್ನ ವೀರನಿಗೆ ಚಿನ್ನದ ಕಿರೀಟವನ್ನು ತೊಡಿಸಿದರೆ ನೆರೆಹೊರೆಯವರಿಗೆ ಸಂಬಂಧವಿಲ್ಲ. ಆದರೆ ಚಿತ್ರಮಂದಿರದ ಬಾಗಿಲಲ್ಲಿ ದರದ ಹಲಗೆಯಿರುತ್ತದೆ. ಒಳಗೆ ಕುಳಿತ ಮೇಲೆ ನಾಯಕನು ಖಳನನ್ನು ಗೆಲ್ಲಬೇಕಾದರೆ ಇನ್ನೂ ಐವತ್ತು ರೂಪಾಯಿ ಕೊಡಿರೆಂದು ಯಾರೂ ತಟ್ಟೆ ಹಿಡಿದು ಬರುವುದಿಲ್ಲ. ಎಲ್ಲ ಆಟಗಳನ್ನೂ ಬುಡಸಮೇತ ಕಿತ್ತೊಗೆಯಬೇಕೆನ್ನುವ ಹಿರಿಯರ ವಾದವೂ ನಮಗೆ ಸಮ್ಮತವಲ್ಲ. ಕೊಬ್ಬರಿಯ ತೂಕದಲ್ಲಿ ಮೋಸವಾಯಿತೆಂದು ಮಂಡಿಯನ್ನೇ ಮುಚ್ಚಿಸಿದವರಿಲ್ಲ.

ಮೋಸವಿಲ್ಲದೆಯೂ ಇಂಥ ಅಂಗಡಿಯು ನಡೆಯಬಲ್ಲುದೆಂಬುದಕ್ಕೆ ಮೇಲೆ ಹೇಳಿದ ವೀರರ ಪಟ್ಟಣವೇ ಸಾಕ್ಷಿ. ಮುಚ್ಚಿಹೋಗಿದ್ದ ಆ ಆಟವನ್ನು ಅಭಿಮಾನಿಗಳ ಒಂದು ಗುಂಪು ಗುಟ್ಟಾಗಿ ಉಳಿಸಿಕೊಂಡಿದ್ದುದು 2019ರಲ್ಲಿ ಬಯಲಾಯಿತು. ಅನಂತರ ‘ಹೋಮ್‌ಕಮಿಂಗ್’ ಎಂಬ ಹೆಸರಿನಿಂದ ಸ್ವಯಂಸೇವಕರು ಅದನ್ನು ಬಹಿರಂಗವಾಗಿ ನಡೆಸತೊಡಗಿದರು. 2024ರ ಜನವರಿಯಲ್ಲಿ ಮೂಲ ಕಂಪೆನಿಯವರೇ ಅವರಿಗೆ ವಿಧಿವತ್ತಾದ ಅನುಮತಿಯನ್ನು ಕೊಟ್ಟರು. ಅಲ್ಲಿ ವರ್ಧಕಗಳನ್ನು ಹಣಕ್ಕೆ ಮಾರುವುದಿಲ್ಲ. ಯಂತ್ರಗಳ ಬಾಡಿಗೆಗೆ ಬೇಕಾದಷ್ಟು ಹಣವನ್ನು ಆಡುವವರ ದೇಣಿಗೆಯಿಂದ ಎತ್ತಿ, ಗುರಿ ಮುಟ್ಟಿದೊಡನೆ ವಂತಿಗೆಯ ಪೆಟ್ಟಿಗೆಯನ್ನು ಮುಚ್ಚುವ ಪದ್ಧತಿಯನ್ನು ಅವರು ಇಟ್ಟುಕೊಂಡರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಈ ಪದ್ಧತಿಯು ನಮಗೆ ಪರಕೀಯವಾಗಿ ತೋರಬೇಕಾಗಿಲ್ಲ.

ನಾವು ಕೇಳುವುದು ಬಿಸ್ಕತ್ತಿನ ಪೊಟ್ಟಣಕ್ಕೆ ಇರುವಷ್ಟೇ ಕಟ್ಟುಪಾಡು. ಆಟದೊಳಗಿನ ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿ ನಾಣ್ಯದ ಲೆಕ್ಕದೊಡನೆ ರೂಪಾಯಿಯ ಬೆಲೆಯೂ ಕಾಣಬೇಕು. ಪೆಟ್ಟಿಗೆಯನ್ನಾಗಲಿ ಅದೃಷ್ಟದ ವರ್ಧಕವನ್ನಾಗಲಿ ಮಾರುವವನು ಸಂಭವದ ಪ್ರಮಾಣವನ್ನು ಮೊದಲೇ ತಿಳಿಸಬೇಕು, ತಿಳಿಸಿದ್ದನ್ನು ಗುಟ್ಟಾಗಿ ಬದಲಿಸಿದರೆ ಶಿಕ್ಷೆಯಾಗಬೇಕು. ಆಟವು ಮುಚ್ಚಿದಲ್ಲಿ ಖರ್ಚಾಗದೆ ಉಳಿದ ನಾಣ್ಯದ ಹಣವನ್ನು ಹಿಂದಿರುಗಿಸಬೇಕು. ಇದಕ್ಕೆ ಬೇಕಾದ ಅಧಿಕಾರವು ಬಹುಮಟ್ಟಿಗೆ ಈಗಾಗಲೇ ಕೈಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ ಹುಟ್ಟಿದ ಕೇಂದ್ರ ಪ್ರಾಧಿಕಾರವು 2023ರ ನವೆಂಬರ್ 30ರಂದು, ಅಂತರಜಾಲದ ವ್ಯಾಪಾರದಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ ಹದಿಮೂರು ಬಗೆಯ ಹಂಚಿಕೆಗಳನ್ನು ಹೆಸರಿಸಿ ನಿಷೇಧಿಸಿತು. ಬೆಲೆಯನ್ನು ನಾಣ್ಯದ ಮರೆಯಲ್ಲಿಡುವುದನ್ನು ಹದಿನಾಲ್ಕನೆಯದಾಗಿ ಸೇರಿಸಲು ದೊಡ್ಡ ಸಭೆಯ ಅಗತ್ಯವಿಲ್ಲ.

ಕಡೂರಿನವರ ಮತವು ಹಾಸನ ಲೋಕಸಭಾ ಕ್ಷೇತ್ರಕ್ಕೂ, ತರೀಕೆರೆಯ ಕಡೆಯವರ ಮತವು ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೂ ಸಲ್ಲುವುದರಿಂದ, ನಮ್ಮ ಈ ಸಣ್ಣ ಸೀಮೆಯ ಮಾತನ್ನಾಡಲು ದೆಹಲಿಯಲ್ಲಿ ಇಬ್ಬರು ಸದಸ್ಯರಿದ್ದಾರೆ. ಅವರಲ್ಲೊಬ್ಬರಾದರೂ ಈ ಪ್ರಶ್ನೆಯನ್ನು ಸದನದಲ್ಲೆತ್ತಿ ಸಚಿವರಿಂದ ಲಿಖಿತ ಉತ್ತರವನ್ನು ಪಡೆಯಲೆಂದು ಕೋರುತ್ತೇವೆ. ಅಷ್ಟರವರೆಗೆ, ಮಗುವಿನ ಕೈಯಿಂದ ಹಣವು ಹೋಗಿರುವುದನ್ನು ಕಂಡ ತಂದೆತಾಯಿಗಳು ಹುಡುಗನನ್ನು ಹೊಡೆದು ಸುಮ್ಮನಾಗದೆ, ಬ್ಯಾಂಕಿನ ಲೆಕ್ಕಪಟ್ಟಿಯನ್ನೂ ಮಗುವಿನ ಜನನ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಂಡು ಕಂಪೆನಿಗೆ ಬರಹದಲ್ಲಿ ದೂರು ಕೊಡತಕ್ಕದ್ದು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಮೀರಿದರೆ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ.